ಯಾವ ನೆಲಕ್ಕೆ ಯಾವ ಕಬ್ಬು?

ಶ್ರೀರಂಗಪಟ್ಟಣವು ಕಂಪೆನಿಯ ಕೈಸೇರಿದ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ಸೀಮೆಯ ಬೆಳೆ, ಮಣ್ಣು, ಕೆರೆ, ಕಸುಬುಗಳನ್ನು ಊರೂರಿಗೆ ಹೋಗಿ ಕಂಡು ಕೇಳಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಆ ಪಟ್ಟಣದ ಸುತ್ತಣ ಗದ್ದೆಗಳಲ್ಲಿ ಎರಡು ಬಗೆಯ ಕಬ್ಬನ್ನು ಗುರುತಿಸಿದನು. ಒಂದು ರಸದಾಳಿ, ನಾಡಿನಲ್ಲಿ ಮೊದಲಿಂದ ಇದ್ದದ್ದು. ಮತ್ತೊಂದು ಪಟ್ಟಾಪಟ್ಟಿ, ಹೈದರನ ಕಾಲದಲ್ಲಿ ಹೊರಗಿನಿಂದ ಬಂದದ್ದು. ರಸದಾಳಿ 12 ತಿಂಗಳಿಗೆ ಕಟಾವಿಗೆ ಬರುತ್ತಿತ್ತು, ಪಟ್ಟಾಪಟ್ಟಿಗೆ 14 ತಿಂಗಳು ಬೇಕಾಗುತ್ತಿತ್ತು; ಆದರೆ ಪಟ್ಟಾಪಟ್ಟಿಯನ್ನು ಕಡಿದ ಮೇಲೆ ಕೂಳೆ, ಎಂದರೆ ಉಳಿದ ಬುಡದಿಂದಲೇ ಚಿಗುರುವ ಬೆಳೆ, ಬಿಡಬಹುದಾಗಿತ್ತು, ರಸದಾಳಿಯ ಕೂಳೆ ನಿಲ್ಲುತ್ತಿರಲಿಲ್ಲ; ಬೆಲ್ಲವು ಎರಡರಿಂದಲೂ ಆಗುತ್ತಿತ್ತು, ಸಕ್ಕರೆ ತೆಗೆಯಲು ಮಾತ್ರ ಅಲ್ಲಿಯವರಿಗೆ ಪಟ್ಟಾಪಟ್ಟಿಯ ರಸವೊಂದೇ ಒದಗುತ್ತಿತ್ತು.

ಹೊಸದಾಗಿ ಬಂದ ಕಬ್ಬನ್ನು ಹಳೆಯ ಕಬ್ಬಿನ ಪಕ್ಕದಲ್ಲಿ ನಿಲ್ಲಿಸಿ, ಕಾಲ, ಕೂಳೆ, ರಸದ ಗುಣ ಎಂಬ ಮೂರು ಕಡೆಗಳಿಂದ ತೂಗಿ ನೋಡುವ ವಿವೇಕವು ನಮ್ಮ ಗದ್ದೆಗಳಲ್ಲಿ ಪ್ರಯೋಗಾಲಯಗಳು ಹುಟ್ಟುವುದಕ್ಕೆ ಶತಮಾನಕ್ಕೂ ಮೊದಲೇ ಇತ್ತೆಂಬುದಕ್ಕೆ ಈ ಬರೆಹವೇ ಸಾಕ್ಷಿ. ಮುಂದೆ ಬಂದ ವಿಜ್ಞಾನವು ಈ ವಿವೇಕಕ್ಕೆ ಅಳತೆಯನ್ನೂ ಶಿಸ್ತನ್ನೂ ಕೊಟ್ಟಿತು. ಅದರೊಂದಿಗೆ, ಅನುಭವಿಯೂ ಸುಲಭವಾಗಿ ಮರೆಯತಕ್ಕ ಒಂದು ಸತ್ಯವನ್ನು ಎತ್ತಿ ತೋರಿಸಿತು. ಇಳುವರಿಯೆಂಬುದು ಕಬ್ಬಿನೊಳಗೆ ಅಡಗಿ ಕುಳಿತ ಗುಣವಲ್ಲ. ಕಬ್ಬಿಗೂ ಅದು ಬೇರುಬಿಟ್ಟ ನೆಲ, ನೀರು, ಬಿಸಿಲು, ಋತುಗಳಿಗೂ ಇರುವ ಸಂಬಂಧವದು. ಆದುದರಿಂದ ಒಂದು ತಳಿಯು ಎಕರೆಗೆ ಇಷ್ಟು ಟನ್ನು ಕೊಡುತ್ತದೆ ಎಂಬ ಮಾತು, ಎಲ್ಲಿ ನೆಟ್ಟದ್ದು, ಯಾವ ಮಾಸದಲ್ಲಿ ನೆಟ್ಟದ್ದು, ಎಷ್ಟು ನೀರು ಕೊಟ್ಟದ್ದು ಎಂಬುದನ್ನು ಹೇಳುವವರೆಗೆ ಅರ್ಧ ಮಾತೇ ಸರಿ.

ಈ ಅರ್ಧ ಮಾತನ್ನು ನೆಚ್ಚಿ ನಡೆಯುವ ಅಪಾಯವು, ಹಿಂದೆ ಕಬ್ಬನ್ನೇ ಕಾಣದ ಸೀಮೆಗೆ ಹೊಸದಾಗಿ ನೀರು ಬಂದಾಗ ಅತ್ಯಧಿಕವಾಗಿರುತ್ತದೆ. ಮಂಡ್ಯದ ಕಥೆಯನ್ನೇ ನೋಡಬಹುದು. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನೀರನ್ನು ಹೊತ್ತ ಅರ್ವಿನ್ ನಾಲೆಯು, ಇಂದಿನ ವಿಶ್ವೇಶ್ವರಯ್ಯ ನಾಲೆಯು, ರಾಗಿ ಹುರುಳಿಗಳ ಒಣಭೂಮಿಯೊಳಕ್ಕೆ ಹರಿದು ಬಂದಾಗ, ಮಳೆಯನ್ನು ನಂಬಿ ನಾಲ್ಕು ತಿಂಗಳ ಬೆಳೆ ತೆಗೆಯುತ್ತಿದ್ದ ಒಕ್ಕಲಿಗನ ಮುಂದೆ ವರ್ಷಪೂರ್ತಿ ನಿಲ್ಲುವ ಬೆಳೆಯೊಂದು ಬಂದು ನಿಂತಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದಿಂದ ಬಂದು ಈ ನಾಡಿನ ಬೇಸಾಯಕ್ಕೆ ತಮ್ಮ ಉತ್ತಮ ವರ್ಷಗಳನ್ನು ಧಾರೆಯೆರೆದ ಲೆಸ್ಲಿ ಕೋಲ್ಮನ್ನರು, ನಾಲೆಯ ಬಯಲಿನಲ್ಲಿಯೇ ಒಂದು ಪ್ರಯೋಗಕ್ಷೇತ್ರವಿರಬೇಕೆಂದು ಹಟಹಿಡಿದು, 1931ರಲ್ಲಿ ಅದನ್ನು ಸ್ಥಾಪಿಸಿದರು. ಮಂಡ್ಯದ ಸಕ್ಕರೆ ಕಂಪೆನಿ ಹುಟ್ಟಿದ್ದು 1933ರಲ್ಲಿ. ಕಾರ್ಖಾನೆಗಿಂತ ಮೊದಲು ಪರೀಕ್ಷೆಯ ಹೊಲ: ಈ ಅನುಕ್ರಮದಲ್ಲಿರುವ ದೂರದೃಷ್ಟಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ.

ಹೋಲಿಸುವುದಕ್ಕೆ ಆಗ ತಳಿಗಳು ಸಾಕಷ್ಟಿದ್ದುವು. ಬೆಂಗಳೂರಿನ ಹೆಬ್ಬಾಳದಲ್ಲಿ ಸೃಷ್ಟಿಯಾದ, ‘ಹೆಬ್ಬಾಳ ಮೈಸೂರು’ ಎಂಬುದರ ಸಂಕ್ಷೇಪವಾಗಿ ಎಚ್.ಎಂ. ಎಂದು ಕರೆಯಲ್ಪಟ್ಟ ತಳಿಗಳು ಒಂದು ಕಡೆ. ಕೊಯಮತ್ತೂರಿನ ಕಬ್ಬು ಸಂವರ್ಧನ ಕೇಂದ್ರದಿಂದ ಬರುತ್ತಿದ್ದ, ಹೆಸರಿನ ಮೊದಲಿಗೆ ‘ಕೋ’ ಎಂಬ ಗುರುತನ್ನು ಹೊತ್ತ ತಳಿಗಳು ಇನ್ನೊಂದು ಕಡೆ. 1912ರಲ್ಲಿ ಆರಂಭವಾದ ಆ ಕೇಂದ್ರದಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಮಾಡಿದ ಮೊದಲ ಸಾಹಸವು ಬಹು ವಿಚಿತ್ರವಾದದ್ದು. ಶರತ್ಕಾಲದಲ್ಲಿ ನದೀತೀರಗಳಲ್ಲಿ ಬೆಳ್ಳನೆಯ ಹೂವನ್ನು ಚೆಲ್ಲುವ, ಸಂಸ್ಕೃತ ಕವಿಗಳಿಗೆ ಅತಿ ಪ್ರಿಯವಾದ ಕಾಶವೆಂಬ ಕಾಡುಹುಲ್ಲನ್ನು, ಹಿಂಡಿದರೆ ತೊಟ್ಟು ಸಿಹಿಯೂ ದೊರೆಯದ ಆ ಒರಟು ಸಸ್ಯವನ್ನು, ಅವರು ನಾಡಕಬ್ಬಿನೊಡನೆ ಸಂಕರಗೊಳಿಸಿದರು. ಸಿಹಿಯು ತಾಯಿಯಿಂದಲೂ ಬಿಸಿಲು ಚಳಿ ಬರಗಳನ್ನು ತಾಳುವ ಛಲವು ಕಾಡಿನ ತಂದೆಯಿಂದಲೂ ಬಂದ ಕೋ 205 ಎಂಬ ತಳಿಯು 1918ರಲ್ಲಿ ಪಂಜಾಬಿಗೆ ಹೋಗಿ, ಅಲ್ಲಿಯ ‘ಕಾಠಾ’ ಕಬ್ಬಿನ ಸುಮಾರು ಒಂದೂವರೆ ಪಾಲಿನಷ್ಟು ಇಳುವರಿಯನ್ನು ಕೊಟ್ಟಿತು. ಉತ್ತರದ ಚಳಿಯಲ್ಲಿ ಗೆದ್ದ ಆ ಸಪೂರ ಕಬ್ಬಿನಿಂದ ಕಾವೇರಿಯ ಬಯಲಿನಲ್ಲಿ ನಮಗೆ ಪ್ರಯೋಜನವಿಲ್ಲ. ಇಲ್ಲಿ ಬೇಕಾದುದು ದಪ್ಪ ಜಲ್ಲೆ, ದೀರ್ಘವಾದ ಬೆಳವಣಿಗೆ, ತುಂಬುರಸ. ಜಾವಾ ದ್ವೀಪದ ಪಿ.ಒ.ಜೆ. 2878 ಎಂಬ ಪ್ರಸಿದ್ಧ ಕಬ್ಬನ್ನು ಕೋ 290ರೊಂದಿಗೆ ಕೂಡಿಸಿ ಪಡೆದ ಕೋ 419 ಆ ಬಯಕೆಯನ್ನು ತೀರಿಸಿ, ದಕ್ಷಿಣದ ನೀರಾವರಿ ಸೀಮೆಗಳನ್ನೆಲ್ಲ ದಶಕಗಳ ಕಾಲ ಆಳಿತು.

ಒಂದೇ ಕಬ್ಬು ಒಂದೆಡೆ ಅರಸನಾಗಿ ಇನ್ನೊಂದೆಡೆ ಆಳಾಗುವುದೇಕೆ? ಕಬ್ಬಿನ ಬಾಳಿನಲ್ಲಿ ಎರಡು ಘಟ್ಟಗಳುಂಟು. ಮೊದಲ ಘಟ್ಟದಲ್ಲಿ ಅದು ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಬೆಳೆಯುವುದಕ್ಕೆ ವ್ಯಯಮಾಡುತ್ತದೆ. ಬೆಳವಣಿಗೆ ತಗ್ಗಿದ ಮೇಲೆ, ಹಗಲಿನಲ್ಲಿ ಒಳ್ಳೆಯ ಬಿಸಿಲೂ ಇರುಳಿನಲ್ಲಿ ತಂಪೂ ಇದ್ದು ನೆಲವು ಕ್ರಮೇಣ ಒಣಗತೊಡಗಿದಾಗ, ಅದೇ ಸಕ್ಕರೆಯನ್ನು ಗಿಣ್ಣುಗಳ ನಡುವೆ ಕೂಡಿಡುತ್ತದೆ. ಬೆಳಗಾವಿಯ ಕಡೆಯ ಕಾರ್ಖಾನೆಗಳಲ್ಲಿ ಕಬ್ಬಿನಿಂದ ದೊರೆಯುವ ಸಕ್ಕರೆಯ ಪ್ರಮಾಣವು ಮಂಡ್ಯದ ಕಡೆಗಿಂತ ಹೆಚ್ಚಾಗಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಅಲ್ಲಿಯ ಒಣ ತಂಪಿನ ಚಳಿಗಾಲವೂ ಒಂದು. ಇನ್ನು ಸೂಲಂಗಿಯ ವಿಷಯ. ಹಗಲಿನ ಪ್ರಮಾಣವು ಒಂದು ನಿರ್ದಿಷ್ಟ ಮಿತಿಗೆ ಇಳಿದಾಗ ಕೆಲವು ತಳಿಗಳು ಹೂಬಿಡುತ್ತವೆ. ಸೂಲಂಗಿ ಹೊರಟ ಕಬ್ಬು ಮತ್ತೆ ಬೆಳೆಯದು, ಕಟಾವು ತಡವಾದರೆ ಒಳಗೆ ಬೆಂಡಾಗುತ್ತದೆ. ಉತ್ತರದಲ್ಲಿ ಅಪರೂಪಕ್ಕೆ ಹೂಬಿಡುವ ತಳಿಯು ದಕ್ಷಿಣದಲ್ಲಿ ವರ್ಷವರ್ಷವೂ ಹೂಬಿಟ್ಟರೆ, ಅದರ ಪೂರ್ವದ ಕೀರ್ತಿಯನ್ನು ನೆಚ್ಚಿ ನೆಟ್ಟವನ ಗತಿಯೇನು? ಹೊಸ ಸೀಮೆಯು ತನ್ನ ಪ್ರಶ್ನೆಯನ್ನು ತನ್ನ ನೆಲದಲ್ಲಿಯೇ ಕೇಳಬೇಕು.

ಆದರೆ ಕೇಳುವ ಕ್ರಮವನ್ನರಿಯದೆ ಕೇಳಿದರೆ ನೆಲವು ತಪ್ಪು ಉತ್ತರವನ್ನೇ ಕೊಡುತ್ತದೆ. ನಾಲೆಯ ತೂಬಿನ ಬಳಿಯ ಮಣ್ಣಿಗೂ ಹೊಲದ ಕೆಳತುದಿಯ ಮಣ್ಣಿಗೂ ಎಷ್ಟು ಅಂತರವಿರುತ್ತದೆಂಬುದನ್ನು ನೀರು ಕಟ್ಟಿದವನು ಬಲ್ಲ: ಮೇಲೆ ಮೆಕ್ಕಲು ಕೂಡಿ ನೀರು ಮೊದಲು ತಲಪುತ್ತದೆ, ಕೆಳಗೆ ಕೆಲವೊಮ್ಮೆ ನೀರೇ ಸಾಲದು, ಕೆಲವೊಮ್ಮೆ ನಿಂತು ಜೌಗಾಗುತ್ತದೆ. ಒಂದು ಹೊಲದ ಅರ್ಧಕ್ಕೆ ಒಂದು ತಳಿಯನ್ನೂ ಉಳಿದರ್ಧಕ್ಕೆ ಇನ್ನೊಂದನ್ನೂ ನೆಟ್ಟು ತೂಗಿದವನು ಕಬ್ಬನ್ನು ತೂಗಿದನೋ ಮಣ್ಣನ್ನು ತೂಗಿದನೋ ಹೇಳಬಲ್ಲವರಾರು? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬ ಕೃಷಿಕ್ಷೇತ್ರದಲ್ಲಿ 1919ರಿಂದ ಕೆಲಸಮಾಡಿದ ಗಣಿತಜ್ಞ ರೊನಾಲ್ಡ್ ಫಿಷರ್ ಈ ತೊಡಕಿಗೆ ಕಂಡುಹಿಡಿದ ಪರಿಹಾರವು ಎಷ್ಟು ಸರಳವೋ ಅಷ್ಟು ಗಹನವಾದದ್ದು. ಹೊಲವನ್ನು ಇಳಿಜಾರಿಗೆ ಅಡ್ಡವಾಗಿ ನಾಲ್ಕು ಪಟ್ಟೆಗಳಾಗಿ ಮಾಡು. ಪ್ರತಿಯೊಂದು ಪಟ್ಟೆಯಲ್ಲಿಯೂ ಪ್ರತಿಯೊಂದು ತಳಿಗೆ ಒಂದೊಂದು ಮಡಿಯನ್ನು ಕೊಡು. ಪಟ್ಟೆಯೊಳಗೆ ಯಾವ ತಳಿಗೆ ಯಾವ ಮಡಿಯೆಂಬುದನ್ನು ನಿನ್ನ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿ ತೀರ್ಮಾನಿಸು.

ಇದರ ಬಲವನ್ನು ತೋರಿಸಲು ಕಲ್ಪಿತವಾದೊಂದು ಲೆಕ್ಕವನ್ನು ಮಾಡೋಣ. ತೂಬಿನ ಕಡೆಯಿಂದ ಕೆಳಕ್ಕೆ ನಾಲ್ಕು ಪಟ್ಟೆಗಳಲ್ಲಿ ಹಳೆಯ ತಳಿಯು ಎಕರೆಗೆ 52, 47, 41, 36 ಟನ್ನಿನ ಲೆಕ್ಕದಲ್ಲಿಯೂ, ಹೊಸ ತಳಿಯು 54, 51, 44, 39 ಟನ್ನಿನ ಲೆಕ್ಕದಲ್ಲಿಯೂ ಬಂದುವೆನ್ನಿ. ಹಳೆಯದರ ಸರಾಸರಿ 44, ಹೊಸದರದು 47. ಒಂದೇ ತಳಿಯೊಳಗೆ ಮೇಲಿಗೂ ಕೆಳಗಿಗೂ 15, 16 ಟನ್ನುಗಳ ವ್ಯತ್ಯಾಸವಿದ್ದರೂ, ಪ್ರತಿ ಪಟ್ಟೆಯಲ್ಲಿಯೂ ಹೊಸದು 2ರಿಂದ 4 ಟನ್ನು ಮುಂದಿರುವುದರಿಂದ ಅದರ ಮೇಲ್ಮೆಯು ಆಕಸ್ಮಿಕವೆನ್ನುವಂತಿಲ್ಲ. ಇದೇ ಹೊಲದಲ್ಲಿ ಹಳೆಯ ತಳಿಯನ್ನು ತೂಬಿನ ಬಳಿಯೂ ಹೊಸದನ್ನು ಕೆಳತುದಿಯಲ್ಲಿಯೂ ನೆಟ್ಟಿದ್ದರೆ, 52ಕ್ಕೆ 39 ಎಂದು ಉತ್ತಮವಾದದ್ದು ಸೋತು, ಊರೆಲ್ಲ ಆ ಸುಳ್ಳನ್ನೇ ನಂಬುತ್ತಿತ್ತು. ಕಬ್ಬಿಗೆ ಇನ್ನೊಂದು ಅನುಕೂಲವೂ ಉಂಟು: ಅದು ತುಂಡಿನ ಕಣ್ಣಿನಿಂದ ಬೆಳೆಯುವುದರಿಂದ, ಒಂದು ತಳಿಯ ಸಾವಿರ ಗಿಡಗಳೂ ಆನುವಂಶಿಕವಾಗಿ ಒಂದೇ ಗಿಡ, ಅವುಗಳೊಳಗೆ ಕಾಣುವ ಅಂತರವೆಲ್ಲ ಬಹುಮಟ್ಟಿಗೆ ನೆಲ, ನೀರು, ಆರೈಕೆಗಳದೇ. ಆ ಕಾರಣದಿಂದಲೇ ಎಲ್ಲ ತಳಿಗಳ ಬಿತ್ತನೆ ತುಂಡುಗಳೂ ಸಮಾನ ವಯಸ್ಸಿನ, ರೋಗವಿಲ್ಲದ, ಎಳೆಯ ಕಬ್ಬಿನಿಂದ ಬಂದಿರಬೇಕು. ಮುದಿಬೀಜದ ಒಳ್ಳೆಯ ತಳಿಯನ್ನು ಎಳೆಬೀಜದ ಸಾಧಾರಣ ತಳಿಯೊಡನೆ ಹೋಲಿಸುವುದು ನ್ಯಾಯವಲ್ಲ.

ಪರೀಕ್ಷಾ ಮಡಿಯ ಕಟಾವನ್ನು ಹತ್ತಿರ ನಿಂತು ನೋಡತಕ್ಕದ್ದು. ಅಂಚಿನ ಸಾಲುಗಳಿಗೆ ಬಿಸಿಲು ಹೆಚ್ಚು ದಕ್ಕಿ ಅವು ಕೊಬ್ಬಿರುವುದರಿಂದ ಅವನ್ನು ಮೊದಲೇ ಕಡಿದು ಬೇರೆ ಹಾಕುತ್ತಾರೆ. ಒಳಗಿನ ಸಾಲುಗಳನ್ನು ಮಚ್ಚಿನಿಂದ ನೆಲಕ್ಕೆ ಸಮನಾಗಿ ಕಡಿದು, ತರಗು ಸುಲಿದು, ಸೋಗೆ ಸವರಿ, ಕಟ್ಟುಕಟ್ಟಿ, ಮಡಿಯ ಸಂಖ್ಯೆಯ ಚೀಟಿಯೊಡನೆ ತಕ್ಕಡಿಗೇರಿಸುತ್ತಾರೆ. ತರುವಾಯ ಪ್ರತಿ ಮಡಿಯಿಂದ ಕೆಲವು ಜಲ್ಲೆಗಳನ್ನಾರಿಸಿ ಚಿಕ್ಕ ಗಾಣದಲ್ಲಿ ಅರೆಯುತ್ತಾರೆ. ಹಸಿರುಗಂದು ರಸವು ನೊರೆಯೊಡನೆ ಪಾತ್ರೆಗಿಳಿಯುತ್ತದೆ. ಅದರಿಂದ ಒಂದು ಹನಿಯನ್ನು ಗೇಣುದ್ದದ ಕೈದುರ್ಬೀನಿನಂಥ ಉಪಕರಣದ ಗಾಜಿನ ಮೇಲಿಟ್ಟು, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ, ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಕತ್ತರಿಸಿದಂಥ ಗೆರೆ; ಆ ಗೆರೆ 18ರಲ್ಲಿ ನಿಂತರೆ ನೂರು ಪಾಲು ರಸದಲ್ಲಿ 18 ಪಾಲು ಕರಗಿದ ಪದಾರ್ಥವಿದೆ, ಅದರಲ್ಲಿ ಬಹ್ವಂಶ ಸಕ್ಕರೆ. ಕರಗಿದ್ದು ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುವುದೇ ಇದರ ಗುಟ್ಟು. ಬುಡವು ಸಿಹಿ, ತುದಿಯು ಸಪ್ಪೆ ಎಂಬುದನ್ನು ಕಬ್ಬು ಜಗಿದ ಮಕ್ಕಳೆಲ್ಲ ಬಲ್ಲರು; ಬುಡದ ಹನಿಯೂ ತುದಿಯ ಹನಿಯೂ ಹೆಚ್ಚುಕಡಮೆ ಒಂದೇ ಗೆರೆಗೆ ಬಂದಾಗ ಆ ತಳಿಯು ಪಕ್ವವಾಯಿತೆಂದು ತಿಳಿಯಬೇಕು. ಯಾವ ತಳಿಯು 10ನೆಯ ತಿಂಗಳಿಗೆ ಈ ಸಾಮ್ಯಕ್ಕೆ ಬಂದಿತು, ಯಾವುದು 12 ದಾಟಿದರೂ ಬರಲಿಲ್ಲ ಎಂಬುದು ಟನ್ನಿನಷ್ಟೇ ತೂಕದ ಸಂಗತಿ.

ಏಕೆಂದರೆ ಟನ್ನು ಬೇರೆ, ಸಕ್ಕರೆ ಬೇರೆ. ಎಕರೆಗೆ 50 ಟನ್ನು ಬಂದು ಅದರಲ್ಲಿ ನೂರಕ್ಕೆ 9ರಂತೆ ಸಕ್ಕರೆ ದೊರೆತರೆ ನಾಲ್ಕೂವರೆ ಟನ್ನು ಸಕ್ಕರೆಯಾಯಿತು. 44 ಟನ್ನು ಬಂದು ನೂರಕ್ಕೆ 11ರಂತೆ ದೊರೆತರೆ 4 ಟನ್ನು 840 ಕಿಲೋ. ತೂಕದಲ್ಲಿ ಸೋತದ್ದು ಸಕ್ಕರೆಯಲ್ಲಿ ಗೆದ್ದಿತು. ಕಬ್ಬಿನ ಬೆಲೆಯು ಕಾರ್ಖಾನೆಯ ಒಟ್ಟು ಸರಾಸರಿ ಇಳುವರಿಯ ಮೇಲೆ ನಿಂತಿದೆಯೇ ಹೊರತು, ಒಬ್ಬೊಬ್ಬ ರೈತನ ಗಾಡಿಯಲ್ಲಿರುವ ಸಿಹಿಯ ಮೇಲಲ್ಲ. ಆದುದರಿಂದ ಬೆಳೆದವನು ತೂಕವನ್ನು ನೋಡುತ್ತಾನೆ, ಅರೆಯುವವನು ಸಿಹಿಯನ್ನು ನೋಡುತ್ತಾನೆ. ಇದರಲ್ಲಿ ರೈತನನ್ನು ದೂಷಿಸುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ. ತಳಿಯ ಪರೀಕ್ಷೆಯ ವರದಿಯಲ್ಲಿ ಎರಡು ಅಂಕಗಳನ್ನೂ ಅವನ ಮುಂದಿಟ್ಟು, ಆಲೆಮನೆಯಿರುವ ಊರಾದರೆ ಬೆಲ್ಲದ ಬಣ್ಣವನ್ನೂ ಗಟ್ಟಿತನವನ್ನೂ ಸೇರಿಸಿ ಹೇಳುವುದು ಪರೀಕ್ಷಕನ ಕರ್ತವ್ಯ.

ಒಂದು ವರ್ಷದ ಫಲವನ್ನು ನಂಬಲಾಗದು. ಮಳೆ ಬಿಸಿಲುಗಳು ವರ್ಷಕ್ಕೊಂದು ಬಗೆ. 1970ರಲ್ಲಿ ಆರಂಭವಾದ ಅಖಿಲ ಭಾರತ ಸಮನ್ವಿತ ಕಬ್ಬು ಸಂಶೋಧನಾ ಯೋಜನೆಯು ದೇಶವನ್ನು ಐದು ವಲಯಗಳಾಗಿ ವಿಂಗಡಿಸಿ, ಮುಂದುವರಿದ ಹಂತಕ್ಕೆ ಬಂದ ತಳಿಯನ್ನು ಎರಡು ನಾಟಿ ಬೆಳೆಗಳಲ್ಲಿಯೂ ಒಂದು ಕೂಳೆಯಲ್ಲಿಯೂ ನೋಡುತ್ತದೆ. ಕೂಳೆಯನ್ನು ಬಿಟ್ಟ ಪರೀಕ್ಷೆಯು ನಮ್ಮ ರೈತನಿಗೆ ನಿರರ್ಥಕ. ಉಳುಮೆ ಬಿತ್ತನೆಗಳ ಖರ್ಚಿಲ್ಲದ ಆ ಬೆಳೆಯಲ್ಲಿಯೇ ಅವನ ಕೈಗೆ ನಾಲ್ಕು ಕಾಸು ಉಳಿಯುವುದು. ಇಷ್ಟಾದರೂ ರೋಗವು ಕಾದು ಕುಳಿತಿರುತ್ತದೆ. ಕರ್ನಾಲಿನಲ್ಲಿ ಸೃಷ್ಟಿಯಾಗಿ 2009ರಲ್ಲಿ ಬಿಡುಗಡೆಯಾದ ಕೋ 0238 ಎಂಬ ತಳಿಯು ತೂಕದಲ್ಲಿಯೂ ಸಿಹಿಯಲ್ಲಿಯೂ ಹಳೆಯದನ್ನೆಲ್ಲ ಮೀರಿಸಿ, ಉತ್ತರ ಪ್ರದೇಶದ ಕಬ್ಬಿನ ಭೂಮಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆವರಿಸಿತು. ಕೆಲವೇ ವರ್ಷಗಳಲ್ಲಿ ಕೆಂಪು ಕೊಳೆರೋಗದ ಶಿಲೀಂಧ್ರವು ಅದರ ರಕ್ಷಣೆಯನ್ನು ಭೇದಿಸಿ, ಒಂದೇ ತಳಿಯಿಂದ ತುಂಬಿದ ಆ ಬಯಲುಗಳಲ್ಲಿ ತಡೆಯಿಲ್ಲದೆ ಹರಡಿತು.

ಇಂದು ಕರ್ನಾಟಕದಲ್ಲಿ, ಕೃಷ್ಣೆಯ ನಾಲೆಗಳ ಬಯಲಿನಿಂದ ಕಾವೇರಿಯವರೆಗೆ, ಕೋ 86032 ವಿಸ್ತಾರವಾಗಿ ಹಬ್ಬಿದೆ. ಒಳ್ಳೆಯ ಕಬ್ಬು, ಕೂಳೆಯೂ ಚೆನ್ನ, ನಿಂದಿಸುವಂಥದ್ದೇನೂ ಇಲ್ಲ. ಆದರೂ ಹೊಸ ನೀರು ಕಂಡ ಸೀಮೆಯ ರೈತಬಂಧುಗಳಲ್ಲಿ ನನ್ನದೊಂದು ವಿನಂತಿಯುಂಟು. ನೆರೆಯ ಜಿಲ್ಲೆಯಿಂದ ಹೆಸರುವಾಸಿಯಾದ ತಳಿಯೊಂದು ಬಂದಾಗ ಹೊಲವನ್ನೆಲ್ಲ ಅದಕ್ಕೆ ಒಪ್ಪಿಸಬೇಡಿ. ಹತ್ತು ಗುಂಟೆ ನೆಲವನ್ನು ತೂಬಿನಿಂದ ಕೆಳಕ್ಕೆ ನಾಲ್ಕು ಪಟ್ಟೆ ಮಾಡಿ, ಪ್ರತಿ ಪಟ್ಟೆಯಲ್ಲಿ ಹಳೆಯದನ್ನೂ ಹೊಸದನ್ನೂ ಚೀಟಿಯೆತ್ತಿ ಅಕ್ಕಪಕ್ಕ ನೆಡಿ. ಒಂದೇ ನೀರು, ಒಂದೇ ಗೊಬ್ಬರ ಕೊಡಿ. ನಾಟಿ ಬೆಳೆಯನ್ನು ಬೇರೆಬೇರೆಯಾಗಿ ತೂಗಿ ಬರೆದಿಟ್ಟು, ಮರುವರ್ಷ ಕೂಳೆಯನ್ನೂ ಹಾಗೆಯೇ ತೂಗಿ, ಅನಂತರ ಉಳಿದ ಹೊಲದ ಮಾತನ್ನು ನಿರ್ಧರಿಸಿ.