ನಮ್ಮ ಬಂಬ ಗುಡುಗುಡು ಅಂದದ್ದು ಯಾಕ?



ಜಳಕದ ನೀರು ಕಾಯಿಸುವ ತಾಮ್ರದ ಬಂಬ ನಿಮ್ಮಲ್ಲಿ ಸುಮಾರು ಮಂದಿಯ ಮನೆಯಲ್ಲಿ ಇರಬಹುದು. ನಮ್ಮ ಬಂಬ ಅಜ್ಜಿಯ ಕಾಲದ್ದು. ಹೋದ ಚಳಿಗಾಲದಲ್ಲಿ ಅದು ಒಮ್ಮೆಲೇ ಗುಡುಗುಡು, ಕಟಕಟ ಅನ್ನಲಿಕ್ಕೆ ಸುರು ಮಾಡಿತು. ತಮ್ಮ ಹೆದರಿ ಜಳಕಾನೇ ಬ್ಯಾಡ ಅಂದ (ಅವನಿಗೆ ಅಷ್ಟು ನೆವ ಸಾಕು). ಅಜ್ಜಿ "ಒಳಗ ಏನೋ ಸೇರೈತಿ" ಅಂದಳು. ಆಕೆಯ ಮಾತು ಅರ್ಧ ಖರೇನೇ ಆಯಿತು.

ಬಂಬದ ನಡುವೆ ಒಂದು ಕೊಳವೆ ಇರುತ್ತದೆ. ಅದರೊಳಗೆ ಬೆಂಕಿ, ಸುತ್ತಲೂ ನೀರು. ಕೊಳವೆಗೆ ಹತ್ತಿದ ನೀರು ಮೊದಲು ಕಾದು ಉಗಿಯ ಗುಳ್ಳೆ ಆಗುತ್ತದೆ. ಗುಳ್ಳೆ ಮೇಲೆ ಹೋಗುವಾಗ ತಣ್ಣನೆ ನೀರು ತಾಗಿ ಟಪ್ ಅಂತ ಕುಸಿಯುತ್ತದೆ. ಇಂಥ ಸಾವಿರ ಗುಳ್ಳೆ ಕೂಡಿದರೆ ಸುಂಯ್ ಅನ್ನುವ ಸಪ್ಪಳ. ಇದಕ್ಕೆ ಅಂಜುವ ಕಾರಣವಿಲ್ಲ, ಚಹಾದ ಪಾತ್ರೆಯೂ ಹೀಗೇ ಹಾಡತೈತಿ.

ಗುಡುಗುಡು ಬ್ಯಾರೆ. ನಮ್ಮೂರಿನ ಬೋರ್ ನೀರು ಗಡಸು. ಅದರಲ್ಲಿ ಕರಗಿದ ಸುಣ್ಣದ ಅಂಶ ಕಾಯಿಸಿದಾಗ ಬೇರೆಯಾಗಿ ತಾಮ್ರಕ್ಕೆ ಅಂಟುತ್ತದೆ. ವರ್ಷಗಟ್ಟಲೆ ಅಂಟಿ ದಪ್ಪ ಆಗುತ್ತದೆ. ಆ ಪದರಿನ ಸಂದಿಯಲ್ಲಿ ಸೇರಿದ ನೀರು ಹೊರಗೆ ಬರಲಾರದೆ ಅಲ್ಲೇ ಉಗಿ ಆಗುತ್ತದೆ. 1 ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಕು! ಅದಕ್ಕೇ ಒದ್ದು ಬರತೈತಿ, ಬಂಬ ಗುಡುಗತೈತಿ. ಸುಣ್ಣ ಶಾಖವನ್ನು ಸರಿಯಾಗಿ ಬಿಡದ ಕಾರಣ ಕಟಗಿಯೂ ಹೆಚ್ಚು ಬೇಕು. ಥಂಡಿ ದೇಶಗಳಲ್ಲಿ ಬಾಯ್ಲರಿನ ಬಿಸಿನೀರನ್ನು ಪೈಪಿನಲ್ಲಿ ಹರಿಸಿ ಇಡೀ ಮನೆ ಬೆಚ್ಚಗೆ ಇಡುತ್ತಾರೆ. ಅಲ್ಲಿಯೂ ಇದೇ ಸಪ್ಪಳ ಬರುತ್ತದೆ, ಅದಕ್ಕೆ ಕೆಟ್ಲಿಂಗ್ ಎಂದು ಹೆಸರು.

ನಾವು ಬಂಬ ಆರಿಸಿ, ಬರಿದು ಮಾಡಿ ಅಲುಗಾಡಿಸಿದೆವು. ಖಡಕ್ ರೊಟ್ಟಿ ಮುರಿದಂಥ ಬಿಳಿ ಚೂರು ಬಿದ್ದವು. ಒಂದರ ಮೇಲೆ ಲಿಂಬಿಹಣ್ಣು ಹಿಂಡಿದೆ. ಬುಸ್ ಅಂತ ನೊರೆ ಬಂತು. ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ಇಂಗಾಲದ ಡೈ ಆಕ್ಸೈಡ್ ಬರುತ್ತದೆಂದು ಓದಿದ್ದೇವಲ್ಲ, ಅದೇ ಇದು. ಆಮೇಲೆ ಲಿಂಬಿರಸದ ನೀರು ತುಂಬಿ ರಾತ್ರಿಯೆಲ್ಲಾ ಬಿಟ್ಟೆವು. ಹೀಗೆ ನಾಲ್ಕು ಸಲ ಮಾಡಿ ತೊಳೆದ ಮೇಲೆ ಸಪ್ಪಳ ಬಹಳ ಕಡಿಮೆ ಆಯಿತು. ಬೆಟಗೇರಿಯ ನಮ್ಮ ಅತ್ತೆಯ ಮನೆಗೆ ತುಂಗಭದ್ರಾ ಹೊಳಿ ನೀರು ಬರುತ್ತದೆ. ಅವರ ಬಂಬದಲ್ಲಿ ಇಷ್ಟು ಸುಣ್ಣ ಕಟ್ಟಿಲ್ಲ.

ಆದರೆ ನನಗೆ ಖರೇ ಭಯ ಹತ್ತಿದ್ದು ಬೇರೆ ಸಂಗತಿಗೆ. ಸಪ್ಪಳದ ಜೊತೆ ಮುಚ್ಚಳ ಕುಣಿಯುತ್ತಿತ್ತು ಅಂತ ಅಜ್ಜಿ ಅದರ ಮೇಲೆ ಕಲ್ಲು ಹೇರಿ, ಸುತ್ತ ಅರಿವಿ ತುರುಕಿದ್ದಳು. ಉಗಿಗೆ ಇರುವುದು ಅದೊಂದೇ ದಾರಿ. ಅದು ಬಂದಾದರೆ ಬಂಬ ಒಡೆಯಬಹುದು, ಕುದಿಯುವ ನೀರು ಮೈಮೇಲೆ ಬೀಳಬಹುದು. ತಮ್ಮ ದಿನಾ ಅದರ ಪಕ್ಕದಲ್ಲೇ ಕೂಡುತ್ತಿದ್ದ. ಅಪ್ಪ ಬೆಂಕಿ ತೆಗೆದು, ಎಲ್ಲಾ ಆರಿದ ಮೇಲೆ ಕಲ್ಲು ಇಳಿಸಿದ.

ಇನ್ನೊಂದು ಸಪ್ಪಳ ಚರ್ ಚರ್. ಇದು ನೀರು ಸೋರಿ ಕೆಂಡಕ್ಕೆ ಬೀಳುವುದು. ನೀರು ಇರುವತನಕ ತಾಮ್ರ 100 ಡಿಗ್ರಿ ಸುತ್ತಮುತ್ತ ಇರುತ್ತದೆ. ಸೋರಿ ನೀರು ಇಳಿದರೆ ಕೊಳವೆ ವಿಪರೀತ ಕಾಯುತ್ತದೆ, ಬೆಸುಗೆಯ ತವರ 232 ಡಿಗ್ರಿಗೇ ಕರಗುತ್ತದೆ. ಆಗ ಗಡಬಡಿಸಿ ತಣ್ಣೀರು ಸುರಿಯಬಾರದು, ಉಗಿ ಮುಖಕ್ಕೆ ಬರತೈತಿ. ಬೆಂಕಿ ಎಳೆದು ದೂರ ನಿಲ್ಲಬೇಕು. ಸುಣ್ಣ ತೆಗೆದ ಮೇಲೆ ನಮ್ಮ ಬಂಬದಲ್ಲೂ ಸೂಜಿಮೊನೆಯಷ್ಟು ತೂತು ಕಂಡಿತು, ಇಷ್ಟು ದಿನ ಅದನ್ನು ಸುಣ್ಣವೇ ಮುಚ್ಚಿತ್ತು! ಲಕ್ಷ್ಮೇಶ್ವರಕ್ಕೆ ಒಯ್ದು ಬೆಸುಗೆ ಹಾಕಿಸಿಕೊಂಡು ಬಂದೆವು. ಅಲ್ಲಿತನಕ ಮೂರು ದಿನ ಎಲ್ಲರಿಗೂ ತಣ್ಣೀರ ಜಳಕ.