ಒತ್ತಿದ ತಗಡು, ಮುದ್ರಿಸಿದ ಹಿಡಿ

ಅಡುಗೆಮನೆಯ ಸ್ಟೀಲ್ ಮುಚ್ಚಳ ನೋಡಿ. ತಗಡನ್ನು ಪ್ರೆಸ್‌ನಲ್ಲಿ ಒತ್ತಿ ಆಕಾರ ಕೊಟ್ಟಿದ್ದಾರೆ, ಹಿಡಿಯನ್ನು ಆಮೇಲೆ ಕೂಡಿಸಿದ್ದಾರೆ. ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುರುವಾದ ಸಂಶೋಧನಾ ಯೋಜನೆಯೊಂದು ವಿಮಾನಕ್ಕೆ ಬಳಸುವ ಟೈಟಾನಿಯಂ ಮಿಶ್ರಲೋಹದಲ್ಲಿ ಇಂಥದ್ದನ್ನೇ ಮಾಡಿ ನೋಡಿತು. ಅಲ್ಲಿ ಹಿಡಿಯನ್ನು ಬೇರೆ ಮಾಡಿ ಕೂಡಿಸುವುದಲ್ಲ. ತಗಡಿನ ಮೇಲೆ ಲೋಹದ ಪುಡಿ ಹರಡಿ, ಲೇಸರ್‌ನಿಂದ ಕರಗಿಸಿ, ಪದರ ಪದರವಾಗಿ ಅಲ್ಲೇ ಬೆಳೆಸುವುದು.

ಇಡೀ ಭಾಗವನ್ನೇ ಮುದ್ರಿಸಬಾರದಾ? ಆಗ್ತದೆ. ಆದರೆ ಪುಡಿ ದುಬಾರಿ, ಲೇಸರ್ ನಿಧಾನ. ಪ್ರೆಸ್ ಕೆಲಸ ಸೆಕೆಂಡುಗಳಲ್ಲಿ ಮುಗೀತದೆ, ಆದರೆ ಆಕಾರ ಬದಲಾದರೆ ಹೊಸ ಡೈ ಬೇಕು. ಹಾಗಾಗಿ ಎಲ್ಲದಕ್ಕೂ ಒಂದೇ ಆಗಿರುವ ಮೈ ಪ್ರೆಸ್‌ಗೆ, ಬದಲಾಗುವ ತುಂಡು ಮಾತ್ರ ಲೇಸರ್‌ಗೆ.

ಕಷ್ಟ ಇರುವುದು ಕೂಡುವ ಜಾಗದಲ್ಲಿ. ಮೊದಲು ಒತ್ತಿದರೆ ಬಾಗಿದ ತಗಡಿನ ಮೇಲೆ ಪುಡಿ ಸಮನಾಗಿ ಹರಡುವುದು ಕಷ್ಟ. ಮೊದಲು ಮುದ್ರಿಸಿದರೆ, ಒತ್ತುವಾಗ ಹಿಡಿಯ ಬುಡದಲ್ಲಿ ಬಿರುಕು ಬಿಡುವ ಭಯ. ಈ ಟೈಟಾನಿಯಂ ತಣ್ಣಗಿದ್ದಾಗ ಹೆಚ್ಚು ಬಗ್ಗುವುದೂ ಇಲ್ಲ, ನೂರಾರು ಡಿಗ್ರಿ ಕಾಯಿಸಬೇಕು. ಲೇಸರ್‌ನ ಬಿಸಿಗೆ ತೆಳು ತಗಡು ಸೊಟ್ಟಗಾಗುವುದು ಬೇರೆ ಉಂಟು. ಗಲ್ಫಿನಲ್ಲಿ ವರ್ಷಗಟ್ಟಲೆ ವೆಲ್ಡಿಂಗ್ ಮಾಡಿ ಬಂದ ಕಾಕನನ್ನು ಕೇಳಿ. ಇದೊಂದನ್ನು ಅವರು ಆ ಇಂಜಿನಿಯರುಗಳಿಗಿಂತ ಮೊದಲೇ ಕಂಡವರು.