ಅರ್ಧದಾರಿಯಲ್ಲಿ ನಿಲ್ಲಿಸುವ ಚೌಕಟ್ಟು

ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು ಮೀಥೇನ್. ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇವುಗಳ ಇನ್ನೊಬ್ಬ ಸೋದರ ಈಥೇನ್. ಇಂಗಾಲ, ಜಲಜನಕ ಎರಡೇ ಸೇರಿ ಆದ ಈ ಹಗುರ ಆಲ್ಕೇನ್‌ಗಳನ್ನು ಉರಿಸಲು ಒಂದು ಕಿಡಿ ಸಾಕು. ಉರಿಸದೆ ಬೇರೊಂದು ಉಪಯುಕ್ತ ವಸ್ತುವಾಗಿ ಮಾರ್ಪಡಿಸುವುದು ಮಾತ್ರ ರಸಾಯನಶಾಸ್ತ್ರದ ಬಲು ಕಠಿಣ ಕೆಲಸಗಳಲ್ಲಿ ಒಂದು.

ಈ ಕಷ್ಟಕ್ಕೆ ಜಗತ್ತು ತೆರುತ್ತಿರುವ ಬೆಲೆ ತೈಲಬಾವಿಗಳ ಬಳಿ ಕಾಣುತ್ತದೆ. ಎಣ್ಣೆಯ ಜೊತೆ ಮೇಲೆ ಬರುವ ಅನಿಲವನ್ನು ಸಾಗಿಸಲು ಕೊಳವೆಮಾರ್ಗವಿಲ್ಲದ ಕಡೆ ಅಲ್ಲೇ ಬೆಂಕಿ ಹಚ್ಚಿ ಸುಡುತ್ತಾರೆ. ವಿಶ್ವ ಬ್ಯಾಂಕಿನ ಅಂದಾಜಿನಂತೆ ಹೀಗೆ ಸುಟ್ಟುಹೋಗುವುದು ವರ್ಷಕ್ಕೆ ಸುಮಾರು 15,000 ಕೋಟಿ ಘನ ಮೀಟರ್. ಮೀಥೇನನ್ನು ದ್ರವವಾಗಿಸಬೇಕೆಂದರೆ ಮೈನಸ್ 161 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಬೇಕು. ಅದಕ್ಕೇ ಒಂದು ಆಮ್ಲಜನಕ ಪರಮಾಣು ಸೇರಿ ಮೆಥನಾಲ್ ಆಯಿತೆಂದರೆ ಸಾಮಾನ್ಯ ಉಷ್ಣತೆಯಲ್ಲೇ ದ್ರವ. ಟ್ಯಾಂಕರಿಗೆ ತುಂಬಿ ಕಳಿಸಬಹುದು.

ಆ ಒಂದು ಪರಮಾಣುವನ್ನು ಸೇರಿಸುವುದು ಹೇಗೆ? ಮೀಥೇನಿನ ಇಂಗಾಲ-ಜಲಜನಕ ಬಂಧವನ್ನು ಒಡೆಯಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಶಕ್ತಿ ಬೇಕು. ಅಣುವಿನ ನಾಲ್ಕೂ ಕಡೆ ಒಂದೇ ಬಗೆಯ ಬಂಧ, ದುರ್ಬಲ ಎನ್ನಬಹುದಾದ ಎಡೆಯೇ ಇಲ್ಲ. ಹೇಗೋ ಒಡೆದು ಮೆಥನಾಲ್ ಮಾಡಿದರೆ ಅಸಲು ತೊಡಕು ಎದುರಾಗುತ್ತದೆ. ಮೆಥನಾಲಿನ ಇಂಗಾಲ-ಜಲಜನಕ ಬಂಧ ಸುಮಾರು 402 ಕಿಲೋಜೂಲಿಗೇ ಒಡೆಯುತ್ತದೆ. ಮೀಥೇನನ್ನು ಮಣಿಸುವಷ್ಟು ಬಲವುಳ್ಳ ಕ್ರಿಯಾವರ್ಧಕ ಮೆಥನಾಲನ್ನು ಸುಮ್ಮನೆ ಬಿಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಆಗುವ ತನಕ ಎಳೆದೊಯ್ಯುತ್ತದೆ. ಹಾಗಾಗಿ ಕಾರ್ಖಾನೆಗಳು ಸುತ್ತುಬಳಸಿನ ದಾರಿ ಹಿಡಿದಿವೆ: 800 ಡಿಗ್ರಿಯ ಆಸುಪಾಸಿನಲ್ಲಿ ಹಬೆಯೊಡನೆ ಮೀಥೇನನ್ನು ಪೂರ್ತಿ ಒಡೆದು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಮಾಡಿ, ಅವನ್ನು ಮತ್ತೆ ಜೋಡಿಸಿ ಮೆಥನಾಲ್ ತೆಗೆಯುತ್ತವೆ. ಬೃಹತ್ ಸ್ಥಾವರಕ್ಕೆ ಇದು ಗಿಟ್ಟುತ್ತದೆ. ಎಲ್ಲೋ ಮೂಲೆಯ ಬಾವಿಗೆ ಗಿಟ್ಟುವುದಿಲ್ಲ.

ಭತ್ತದ ಗದ್ದೆಯ ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಮೀಥೇನನ್ನು ನೇರವಾಗಿ ಮೆಥನಾಲ್ ಮಾಡುವುದು ನಿತ್ಯದ ಕಸುಬು. ಮೀಥೇನ್ ಅವುಗಳ ಆಹಾರ. ಅವುಗಳೊಳಗಿನ ಮೀಥೇನ್ ಮೊನೊಆಕ್ಸಿಜಿನೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕವನ್ನೇ ಬಳಸಿ, ಮಣ್ಣಿನ ಉಷ್ಣತೆಯಲ್ಲೇ ಮೆಥನಾಲ್ ಮಾಡುತ್ತದೆ. ಕಿಣ್ವದ ಒಂದು ಬಗೆಯಲ್ಲಿ ಕಬ್ಬಿಣವಿದೆ, ಇನ್ನೊಂದರಲ್ಲಿ ತಾಮ್ರ. ಗುಟ್ಟು ಲೋಹದಲ್ಲಷ್ಟೇ ಇಲ್ಲ. ಪ್ರೋಟೀನಿನ ಮಡಿಕೆಗಳು ಲೋಹದ ಪರಮಾಣುಗಳನ್ನು ಗೊತ್ತಾದ ಜಾಗದಲ್ಲಿ ಹಿಡಿದಿಟ್ಟು ಕಾಪಾಡುತ್ತವೆ.

ಪ್ರೋಟೀನಿಲ್ಲದೆ ಅಂಥ ಜಾಗವನ್ನು ಕಟ್ಟಬಲ್ಲ ವಸ್ತುವೇ ಲೋಹ-ಸಾವಯವ ಚೌಕಟ್ಟು (ಎಂಓಎಫ್). ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದ, ಒಳಗೆಲ್ಲ ಟೊಳ್ಳಿರುವ ಸ್ಫಟಿಕ ಇದು. ಮೆಲ್ಬರ್ನಿನ ರಿಚರ್ಡ್ ರಾಬ್ಸನ್ 1989ರಲ್ಲಿ ಇದರ ಹಾದಿ ತೋರಿದರು. ಕ್ಯೋಟೋದ ಸುಸುಮು ಕಿತಾಗಾವಾ 1997ರಲ್ಲಿ ಇಂಥ ಸ್ಫಟಿಕದೊಳಗೆ ಅನಿಲ ಹೋಗಿ ಬರಬಲ್ಲದೆಂದು ತೋರಿಸಿದರು. 1999ರಲ್ಲಿ ಒಮರ್ ಯಾಘಿ ಅವರ ಎಂಓಎಫ್-5 ಬಂತು. 2025ರ ರಸಾಯನಶಾಸ್ತ್ರ ನೊಬೆಲ್ ಈ ಮೂವರಿಗೆ ಸಂದಿತು.

ಅನಿಲ ಶೇಖರಿಸುವುದರಲ್ಲಿ ಇವು ಹೆಸರು ಮಾಡಿವೆ, ನಿಜ. ಆದರೆ ಆಲ್ಕೇನ್‌ಗಳ ಮೇಲೆ ಇವುಗಳನ್ನು ಬಳಸಿ ನಡೆಸಿದ ಪ್ರಯೋಗಗಳೇ ಹೆಚ್ಚು ಸ್ವಾರಸ್ಯದವು. ಅದರಲ್ಲೂ 2014ರಲ್ಲಿ ಬರ್ಕ್ಲಿಯ ಜೆಫ್ರಿ ಲಾಂಗ್ ಅವರ ತಂಡ ಪ್ರಕಟಿಸಿದ ಕೆಲಸವನ್ನು ನಿಧಾನವಾಗಿ ನೋಡಬೇಕು. ಅವರು ಆಯ್ದುಕೊಂಡದ್ದು ಎಂಓಎಫ್-74 ಕುಟುಂಬದ ಕಬ್ಬಿಣದ ಚೌಕಟ್ಟು. ಜೇನುಗೂಡಿನಂತೆ ಒತ್ತೊತ್ತಾಗಿ ನಿಂತ ಆರು ಮೂಲೆಯ ಸುರಂಗಗಳು, ಸುರಂಗದ ಗೋಡೆಯುದ್ದಕ್ಕೂ ಕಬ್ಬಿಣದ ಪರಮಾಣುಗಳು. ತಯಾರಿಯ ವೇಳೆ ಸೇರಿಕೊಂಡ ದ್ರಾವಕವನ್ನು ನಿರ್ವಾತದಲ್ಲಿ ಕಾಯಿಸಿ ಹೊರಗಟ್ಟಿದರೆ ಪ್ರತಿ ಕಬ್ಬಿಣದ ಒಂದು ಮಗ್ಗುಲು ತೆರವಾಗುತ್ತದೆ. ಆ ತೆರವಿಗೆ ನೈಟ್ರಸ್ ಆಕ್ಸೈಡ್ ಬಂದು ತನ್ನ ಆಮ್ಲಜನಕವನ್ನು ಬಿಟ್ಟು ನೈಟ್ರೊಜನ್ ಆಗಿ ಹೊರಡುತ್ತದೆ. ಹೀಗೆ ಆಮ್ಲಜನಕ ಹೊತ್ತ ಕಬ್ಬಿಣ ಕೇವಲ 75 ಡಿಗ್ರಿಯಲ್ಲಿ ಈಥೇನಿನ ಬಂಧ ಮುರಿದು ಎಥನಾಲ್ ಮಾಡಿತು.

ಬರೀ ಕಬ್ಬಿಣದ ಚೌಕಟ್ಟಿನಲ್ಲಿ ಎಥನಾಲಿನ ಜೊತೆ ಬೇಡದ ಉತ್ಪನ್ನಗಳೂ ಬೆರೆತವು. ಆಗ ತಂಡ ಮಾಡಿದ್ದು ಸರಳವಾದ, ಆದರೆ ತುಂಬ ಆಳವಾದ ಬದಲಾವಣೆ. ಇಪ್ಪತ್ತು ಲೋಹದ ಸ್ಥಾನಗಳಲ್ಲಿ ಒಂದಕ್ಕೆ ಮಾತ್ರ ಕಬ್ಬಿಣ, ಉಳಿದವಕ್ಕೆಲ್ಲ ಈ ಕ್ರಿಯೆಯಲ್ಲಿ ತಲೆಹಾಕದ ಮೆಗ್ನೀಸಿಯಂ. ಒಂದು ಕಬ್ಬಿಣ ಮಾಡಿದ ಎಥನಾಲ್ ಪಕ್ಕದ ಕಬ್ಬಿಣಕ್ಕೆ ಸಿಕ್ಕಿ ಇನ್ನಷ್ಟು ಉತ್ಕರ್ಷಣಗೊಳ್ಳುವ ಸಂಭವ ಇದರಿಂದ ತಗ್ಗಿತು. ಎಥನಾಲ್ ಮತ್ತು ಅದು ಇನ್ನಷ್ಟು ಉತ್ಕರ್ಷಣಗೊಂಡಾಗ ಆಗುವ ಅಸಿಟಾಲ್ಡಿಹೈಡ್ ಸುಮಾರು 25ಕ್ಕೆ 1ರ ಪ್ರಮಾಣದಲ್ಲಿ ದೊರೆತವು. ಲೋಹವನ್ನು ಹೆಚ್ಚಿಸಿ ಅಲ್ಲ, ಕಡಿಮೆ ಮಾಡಿ ಸಾಧಿಸಿದ ಫಲ ಇದು. ಪರಮಾಣುಗಳ ನಡುವಿನ ಅಂತರವನ್ನು ಹೀಗೆ ಲೆಕ್ಕಹಾಕಿ ಇಡಲು ಸಾಮಾನ್ಯ ಆಕ್ಸೈಡ್ ಪುಡಿಗಳಲ್ಲಿ ಬಹಳ ಕಷ್ಟ.

ಕೊರತೆಗಳೂ ಸಣ್ಣವಲ್ಲ. ಆ ಪ್ರಯೋಗದಲ್ಲಿ ದೊರೆತ ಎಥನಾಲ್ ಬಳಸಿದ ಕಬ್ಬಿಣಕ್ಕಿಂತ ಕಡಿಮೆ ಇತ್ತು, ಏಕೆಂದರೆ ಕಬ್ಬಿಣ ಬೇಗನೆ ಹೈಡ್ರಾಕ್ಸೈಡ್ ರೂಪಕ್ಕೆ ತಿರುಗಿ ಜಡವಾಗುತ್ತದೆ. ಸ್ವತಃ ಪ್ರಬಲ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡನ್ನು ಕೊಂಡು ತರುವ ಬದಲು ಗಾಳಿಯ ಆಮ್ಲಜನಕದಲ್ಲೇ ಕೆಲಸವಾಗಬೇಕು. 2023ರಲ್ಲಿ ಲಾಂಗ್ ತಂಡ ಕಿಣ್ವಗಳ ಮಾದರಿಯಲ್ಲೇ ಕಟ್ಟಿದ ಇನ್ನೊಂದು ಚೌಕಟ್ಟು ಆಮ್ಲಜನಕವನ್ನೇ ಹಿಡಿದು ಈಥೇನನ್ನು ಎಥನಾಲ್ ಮಾಡಿತು. ಆಗಲೂ ಈಥೇನಿನ ಮಟ್ಟಿಗೆ ಕಬ್ಬಿಣ ಮತ್ತೆ ಮತ್ತೆ ದುಡಿಯಲಿಲ್ಲ.

ತಾಮ್ರದ ಕಡೆಯಿಂದಲೂ ಪ್ರಯತ್ನ ನಡೆದಿದೆ. ಯಾಘಿ ಅವರ ತಂಡ 2018ರಲ್ಲಿ ಜಿರ್ಕೋನಿಯಂ ಚೌಕಟ್ಟಾದ ಎಂಓಎಫ್-808ರೊಳಗೆ, ಕಿಣ್ವದಲ್ಲಿರುವಂಥದೇ ಇಮಿಡಜೋಲ್ ಕೊಂಡಿಗಳಿಂದ ತಾಮ್ರವನ್ನು ಕೂರಿಸಿ, 150 ಡಿಗ್ರಿಯಲ್ಲಿ ಮೀಥೇನಿನಿಂದ ಮೆಥನಾಲ್ ಪಡೆಯಿತು.

ಮಾರುಕಟ್ಟೆಗೆ ಹತ್ತಿರವಿರುವ ಪ್ರಶ್ನೆ ಪ್ರೊಪೇನಿನದು. ಅದರಿಂದ ಎರಡು ಜಲಜನಕ ಕಳಚಿದರೆ ಪ್ರೊಪಿಲೀನ್. ಅಕ್ಕಿಯ ಪ್ಲಾಸ್ಟಿಕ್ ಚೀಲ ನೇಯುವ ಪಾಲಿಪ್ರೊಪಿಲೀನಿನ ಕಚ್ಚಾವಸ್ತು. ಕಾರ್ಖಾನೆಗಳಲ್ಲಿ ಪ್ಲಾಟಿನಂ ಇಲ್ಲವೇ ಕ್ರೋಮಿಯಂ ಬಳಸಿ 550 ಡಿಗ್ರಿಗೂ ಮೀರಿದ ಶಾಖದಲ್ಲಿ ಇದನ್ನು ಮಾಡುತ್ತಾರೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎನ್‌ಯು-1000 ಚೌಕಟ್ಟಿನ ಜಿರ್ಕೋನಿಯಂ ಗಂಟುಗಳ ಮೇಲೆ ಕೋಬಾಲ್ಟ್ ಹಚ್ಚಿದಾಗ, ಆಮ್ಲಜನಕದ ನೆರವಿನಿಂದ 230 ಡಿಗ್ರಿಯಲ್ಲೇ ಪ್ರೊಪಿಲೀನ್ ಬಂತೆಂದು 2017ರಲ್ಲಿ ವರದಿಯಾಯಿತು. ಈ ಉಷ್ಣತೆಗೆ ಇನ್ನೊಂದು ಮಹತ್ವವಿದೆ. ಕಾರ್ಖಾನೆಯ ಕ್ರಿಯಾವರ್ಧಕದ ಮೇಲೆ ಮಸಿ ಕಟ್ಟಿದಾಗ ಅದನ್ನು ಗಾಳಿಯಲ್ಲಿ ಸುಟ್ಟು ಶುಚಿಮಾಡುತ್ತಾರೆ. ಸಾವಯವ ಕೊಂಡಿಗಳಿರುವ ಚೌಕಟ್ಟಿಗೆ ಆ ಉಪಚಾರ ಮಾಡಿದರೆ ಮಸಿಯ ಜೊತೆ ಚೌಕಟ್ಟೂ ಸುಟ್ಟುಹೋಗುತ್ತದೆ. ಆದ್ದರಿಂದ ಮಸಿಯೇ ಕಟ್ಟದಷ್ಟು ತಗ್ಗಿನ ಶಾಖದಲ್ಲಿ, ತಿಂಗಳುಗಟ್ಟಲೆ ಬಿಡದೆ ದುಡಿಯುವಂತೆ ಅದನ್ನು ರೂಪಿಸಬೇಕಾಗಿದೆ.